ಘಾಟಿಯಲ್ಲಿ ಏರುವವರಿಗೆ ಮೊದಲು ದಾರಿ ಬಿಡಿ

ಮಳೆ ಹಿಂದೆ ಸರಿದಿದೆ, ಘಟ್ಟದ ಕಡೆ ಕಾರು ತಿರುಗಿಸುವವರ ಸಡಗರ ಶುರುವಾಗಿದೆ. ಹೊರಡುವ ಮುಂಚೆ ದಯವಿಟ್ಟು ಇದನ್ನೊಮ್ಮೆ ಓದಿ. ನಾನು ಈಗಷ್ಟೇ ಸೈಕಲ್ಲಿನಲ್ಲಿ, ಒಬ್ಬನೇ, ಮಂಗಳೂರಿನಿಂದ ಹೊರಟು ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ, ಬೇಲೂರು ನೋಡಿಕೊಂಡು ಬಂದಿದ್ದೇನೆ. ಏರುದಾರಿ ಸುಸ್ತು ಮಾಡಿತು, ಅದಕ್ಕೆ ತಯಾರಾಗಿಯೇ ಹೋಗಿದ್ದೆ. ನನ್ನನ್ನು ಹೆದರಿಸಿದ್ದು ಎದುರಿನಿಂದ ಇಳಿದು ಬರುವ ವಾಹನಗಳು.

ಆ ದಾರಿ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ರಾಷ್ಟ್ರೀಯ ಹೆದ್ದಾರಿ 73. ಬೆಳ್ತಂಗಡಿ, ಉಜಿರೆ ದಾಟಿದರೆ ನಿಡಿಗಲ್‌ನಲ್ಲಿ ನೇತ್ರಾವತಿಯ ಸೇತುವೆ. ಆಮೇಲೆ ಮುಂಡಾಜೆ, ಕಕ್ಕಿಂಜೆ. ಎರಡೂ ಬದಿ ಅಡಿಕೆ ತೋಟ, ಅಲ್ಲಲ್ಲಿ ರಬ್ಬರು. ಚಾರ್ಮಾಡಿ ಪೇಟೆಯಲ್ಲಿ ಚಹಾ ಕುಡಿದು ತಲೆಯೆತ್ತಿದರೆ ಬಾಳೆಕಲ್ಲು, ಕೊಡೆಕಲ್ಲು, ಜೇನುಕಲ್ಲು ಎಂಬ ಹೆಸರಿನ ಗುಡ್ಡಗಳ ಸಾಲು. ಅಲ್ಲಿಂದ ಕೊಟ್ಟಿಗೆಹಾರದವರೆಗೆ 20 ಕಿಲೋಮೀಟರಿಗೂ ಹೆಚ್ಚು ಬರೀ ಏರು. ಆಗುಂಬೆ ಘಾಟಿ ಚಿಕ್ಕದು, ಕಡಿದು. ಸೋಮೇಶ್ವರದಿಂದ ಹೊರಟರೆ ಅದರ 14 ತಿರುವು ಬೇಗ ಮುಗಿಯುತ್ತವೆ. ಚಾರ್ಮಾಡಿ ಹಾಗಲ್ಲ, ಎಳೆಯುತ್ತಲೇ ಇರುತ್ತದೆ. ಒಂದು ತಿರುವು ಮುಗಿಸಿ, ಇನ್ನೇನು ಮೇಲೆ ಬಂದೆ ಅನ್ನುವಾಗ ಕಣಿವೆಯ ಆಚೆ ಬದಿಯಲ್ಲಿ, ನಮ್ಮ ತಲೆಗಿಂತ ಎಷ್ಟೋ ಮೇಲೆ, ಒಂದು ಕೆಂಪು ಬಸ್ಸು ಹೋಗುತ್ತಿರುವುದು ಕಾಣುತ್ತದೆ. ಅಲ್ಲಿಗೂ ಹೋಗಬೇಕು!

ಮೈ, ಸೈಕಲ್, ಎರಡು ಬದಿಯ ಚೀಲ, ನೀರು ಎಲ್ಲ ಸೇರಿ 100 ಕೆಜಿ ದಾಟುತ್ತದೆ. ಆ ಭಾರವನ್ನು 700 ಮೀಟರಿನಷ್ಟು ಎತ್ತರಕ್ಕೆ ನಮ್ಮ ಎರಡು ಕಾಲೇ ಎತ್ತಬೇಕು. ಉಪಾಯ ಒಂದೇ, ಅತಿ ಸಣ್ಣ ಗೇರಿಗೆ ಹಾಕಿ ಪೆಡಲನ್ನು ಹಗುರಾಗಿ ತುಳಿಯುತ್ತಿರುವುದು. ಆಗ ವೇಗ ಗಂಟೆಗೆ 6 ಕಿಲೋಮೀಟರ್, ನಡೆಯುವವರಿಗಿಂತ ಸ್ವಲ್ಪ ಮುಂದೆ ಅಷ್ಟೆ. ಈ ವೇಗದಲ್ಲಿ ಸೈಕಲ್ ನೇರ ಗೆರೆಯಲ್ಲಿ ಹೋಗುವುದಿಲ್ಲ. ಪ್ರತಿ ತುಳಿತಕ್ಕೂ ಹ್ಯಾಂಡಲ್ ಅರ್ಧ ಅಡಿ ಆಚೀಚೆ ವಾಲುತ್ತದೆ. ನಿಂತರೂ ಕಷ್ಟ. ಭಾರದ ಸೈಕಲ್ಲನ್ನು ಏರಿನಲ್ಲಿ ಮತ್ತೆ ಹೊರಡಿಸಬೇಕಾದರೆ ಒಂದು ಕಾಲು ನೆಲದಲ್ಲಿ, ಇನ್ನೊಂದು ಪೆಡಲ್ ಮೇಲೆ. ಮೊದಲ ತುಳಿತಕ್ಕೇ ಸಮತೋಲ ಸಿಗದಿದ್ದರೆ ಬೀಳುವುದು ರಸ್ತೆಯ ನಡುವಿಗೆ.

ಹೇರ್‌ಪಿನ್ ತಿರುವಿನಲ್ಲಿ ಏನಾಗುತ್ತದೆ ಎಂದು ಕಾರಿನವರಿಗೆ ಬಹುಶಃ ಗೊತ್ತಿಲ್ಲ. ಹತ್ತುವಾಗ ಎಡಕ್ಕೆ ಹೊರಳುವ ತಿರುವಿದ್ದರೆ, ಎಡಬದಿಯಲ್ಲಿರುವ ನಾನು ತಿರುವಿನ ಒಳಅಂಚಿನಲ್ಲಿರುತ್ತೇನೆ. ಇಡೀ ಘಾಟಿಯಲ್ಲಿ ಅದಕ್ಕಿಂತ ಕಡಿದಾದ ಜಾಗ ಇಲ್ಲ. ಎದೆ ಹ್ಯಾಂಡಲಿಗೆ ತಾಗುವಷ್ಟು ಬಾಗಿ ತುಳಿಯಬೇಕು. ಇಳಿಯುವ ಕಾರು ಹೊರಬದಿಯಲ್ಲಿ ಸುತ್ತಿ ಬರಬೇಕಾದ್ದು ನಿಯಮ. ಆದರೆ ಬ್ರೇಕ್ ಒತ್ತಲು ಮನಸ್ಸಿಲ್ಲದವರು ತಿರುವನ್ನು ಕತ್ತರಿಸಿ ಒಳಗೇ ನುಗ್ಗುತ್ತಾರೆ, ಅಂದರೆ ನೇರ ನನ್ನ ಮುಂದಿನ ಚಕ್ರದ ಮೇಲೆ. ಬಲಕ್ಕೆ ಹೊರಳುವ ತಿರುವಿನಲ್ಲಿ ಇದರ ತದ್ವಿರುದ್ಧ. ನಾನು ಹೊರಅಂಚಿನಲ್ಲಿ, ಪಕ್ಕದಲ್ಲೇ ಪ್ರಪಾತದ ತಡೆಗೋಡೆ. ಒಳಗಿನಿಂದ ಜೋರಾಗಿ ಬಂದ ಕಾರು ಹಿಡಿತ ಸಿಗದೆ ಹೊರಗೆ ಹಾಯುತ್ತದೆ. ಎರಡೂ ಕಡೆ ನನಗೆ ಸರಿಯಲು ಜಾಗವಿಲ್ಲ. ಇಳಿಯುವವರ ಕಾಲಡಿ ಬ್ರೇಕ್ ಇದೆ. ಕಿವಿಗೆ ಬೀಳಬೇಕಾದ್ದು ನನ್ನ ಬೆಲ್ಲಿನ ಸದ್ದು, ಆದರೆ ಅವರ ಗಾಜು ಮೇಲೆ, ಹಾಡು ಜೋರು.

ಇದು ನನ್ನ ಸ್ವಂತ ಗೊಣಗಾಟವೆಂದು ಅಂದುಕೊಳ್ಳಬೇಡಿ. ಮೋಟಾರು ವಾಹನ ಚಾಲಕರಿಗಾಗಿ 1989ರಲ್ಲೇ ಬರೆದ ರಸ್ತೆ ನಿಯಮಗಳಲ್ಲೇ ಇದು ಸ್ಪಷ್ಟವಾಗಿತ್ತು: ಬೆಟ್ಟದ ರಸ್ತೆಯಲ್ಲಿ ಎರಡು ವಾಹನ ಆರಾಮವಾಗಿ ದಾಟುವಷ್ಟು ಅಗಲ ಇಲ್ಲದ ಕಡೆ ಇಳಿಯುವವರು ಬದಿಗೆ ನಿಲ್ಲಿಸಿ ಏರುವವರಿಗೆ ದಾರಿ ಕೊಡಬೇಕು. ಹಳೇ ಲಾರಿ ಡ್ರೈವರುಗಳಿಗೆ ಇದನ್ನು ಯಾರೂ ಓದಿ ಹೇಳಬೇಕಿರಲಿಲ್ಲ. ಲೋಡಿನ ಗಾಡಿ ಏರಿನಲ್ಲಿ ನಿಂತರೆ ಮತ್ತೆ ಎತ್ತುವುದೆಷ್ಟು ಪಾಡು ಎಂದು ಮೈಯಲ್ಲೇ ತಿಳಿದವರು ಅವರು. ಇವತ್ತಿನ ಕಾರಿನ ಇಂಜಿನ್ನಿಗೆ ಏರು ಏರೇ ಅಲ್ಲ. ಹಾಗಾಗಿ ಆ ಮರ್ಯಾದೆಯೂ ಕಳೆದುಹೋಯಿತೆಂದು ನನಗನ್ನಿಸುತ್ತದೆ.

ಪೂರ್ತಿ ಕಳೆದಿಲ್ಲ. ಅಣ್ಣಪ್ಪ ಸ್ವಾಮಿ ಗುಡಿಗೆ ಕೈ ಮುಗಿದು ಮೇಲೆ ಹೋಗುತ್ತಿದ್ದಾಗ, ಒಂದು ಕಿರಿದಾದ ಜಾಗದಲ್ಲಿ, ಮಂಜಿನ ನಡುವಿನಿಂದ ಸಾರಿಗೆ ಬಸ್ಸೊಂದು ಬಂತು. ಡ್ರೈವರ್ ನನ್ನನ್ನು ನೋಡಿದ್ದೇ ತಿರುವಿನ ಮೇಲೆಯೇ ನಿಲ್ಲಿಸಿದರು. ನಾನು ನಿಲ್ಲಲೆಂದು ಕಾಲು ಕೆಳಗಿಡಲು ಹೋದರೆ, ಕಿಟಕಿಯಿಂದ ಕೈ ಹೊರಗೆ ಹಾಕಿ, ಬೆರಳು ಮಡಚಿ ‘ಬಾ ಬಾ’ ಅಂದರು. ನನ್ನ ವೇಗದಲ್ಲಿ ಆ ಮೂವತ್ತು ಮೀಟರ್ ದಾಟುವವರೆಗೆ ಇಡೀ ಬಸ್ಸು ಕಾಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಹಿಂದಿನ ಕಾರುಗಳಿಗೆ ಕೈ ಅಡ್ಡ ಹಿಡಿದಿದ್ದರು. ಆ ಕಾರುಗಳಲ್ಲಿ ಒಂದು ಹಾರ್ನ್ ಒತ್ತುತ್ತಲೇ ಇತ್ತು. ಡ್ರೈವರ್ ಕ್ಯಾರೇ ಅನ್ನಲಿಲ್ಲ. ಆ ಮನುಷ್ಯನಿಗೆ ನನ್ನ ನಮಸ್ಕಾರ.

ಸೈಕಲ್ಲಿನವರು ಬೆರಳೆಣಿಕೆ, ಅವರಿಗಾಗಿ ಯಾಕೆ ಇಷ್ಟು ಗಲಾಟೆ ಅನ್ನಬಹುದು. ಶಿವರಾತ್ರಿ ಹತ್ತಿರ ಬಂದಾಗ ಇದೇ ಘಾಟಿಯಲ್ಲಿ ಧರ್ಮಸ್ಥಳಕ್ಕೆ ಸಾವಿರಾರು ಜನ ಪಾದಯಾತ್ರೆ ಹೋಗುತ್ತಾರೆ. ಕಾಲಿಗೆ ಬೊಬ್ಬೆ ಬಂದವರು, ವಯಸ್ಸಾದವರು, ಮಕ್ಕಳು. ಅವರು ಇಳಿಯುವವರು, ನಾನು ಏರುವವನು. ಆದರೆ ಇಬ್ಬರಿಗೂ ಒಂದೇ ಭಯ.

ಇನ್ನು ಕೆಲವರು ರಸ್ತೆ ಅಗಲ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ. 2019ರ ಆಗಸ್ಟ್ ನೆನಪಿದೆಯೇ? ಆ ಮಳೆಗೆ ಗುಡ್ಡ ಜಾರಿ ಘಾಟಿ ವಾರಗಟ್ಟಲೆ ಮುಚ್ಚಿತ್ತು, ತೆರೆದ ಮೇಲೂ ಭಾರೀ ವಾಹನಗಳಿಗೆ ನಿರ್ಬಂಧ ಬಂತು. ಗುಡ್ಡದ ಬುಡ ಕಡಿದಷ್ಟೂ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಬೀಳುವ ಜಾಗಕ್ಕೆ ಗಟ್ಟಿ ತಡೆಗೋಡೆ ಬೇಕು, ಚರಂಡಿ ಬೇಕು, ಒಪ್ಪುತ್ತೇನೆ. ಆದರೆ ವೇಗಕ್ಕಾಗಿ ಇನ್ನಷ್ಟು ಬೆಟ್ಟ ಕೊರೆಯುವುದಕ್ಕೆ ನನ್ನ ಸಮ್ಮತಿ ಇಲ್ಲ. ಅಗಲವಾದರೆ ಇಳಿಯುವವರು ಇನ್ನೂ ಜೋರಾಗಿ ಇಳಿಯುತ್ತಾರೆ.

ಆ ನಿಧಾನದಲ್ಲಿ ನನಗೆ ಸಿಕ್ಕಿದ್ದನ್ನೂ ಹೇಳಬೇಕು. ರಸ್ತೆಗಂಟಿದ ಬಂಡೆಯಲ್ಲಿ ಮಳೆ ನಿಂತು ಎಷ್ಟೋ ದಿನವಾದ ಮೇಲೂ ನೀರು ಜಿನುಗುತ್ತಿತ್ತು. ಪಾಚಿಯ ತುದಿಯಲ್ಲಿ ಹನಿ ಕೂಡಿಕೊಂಡು, ದಪ್ಪವಾಗಿ, ಬೀಳುವಷ್ಟರಲ್ಲಿ ನಾನು ಆ ಬಂಡೆಯನ್ನು ದಾಟಿರುತ್ತಿದ್ದೆ. ಈ ಬೆಟ್ಟದ ಮಡಿಕೆಗಳ ನೀರೇ ಕೆಳಗೆ ಮೃತ್ಯುಂಜಯ ಹೊಳೆಯಾಗಿ, ಪಜಿರಡ್ಕದಲ್ಲಿ ನೇತ್ರಾವತಿಗೆ ಸೇರಿ, ನಾನು ಹೊರಟ ಮಂಗಳೂರಿನಲ್ಲೇ ಸಮುದ್ರಕ್ಕೆ ಬೀಳುತ್ತದೆ. ಮಲಯ ಮಾರುತ ಎಂಬ ಜಾಗ ದಾಟಿ ಕೊಟ್ಟಿಗೆಹಾರಕ್ಕೆ ಬಂದರೆ, ಅಲ್ಲಿಂದ ಕಳಸದ ದಾರಿಯಲ್ಲಿ ಜಾವಳಿ. ಹೇಮಾವತಿ ಹುಟ್ಟುವುದು ಅಲ್ಲಿ. ಆ ನೀರು ಗೊರೂರು, ಕೃಷ್ಣರಾಜಸಾಗರ ಎಂದು ಸುತ್ತಿ, ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ. ಕಡಲ ಮಟ್ಟದಿಂದ ತುಳಿದು ಬಂದು, ನೀರನ್ನು ಎರಡು ಕಡಲಿಗೆ ಹಂಚುವ ಆ ಬೆಟ್ಟದ ಬೆನ್ನಿನ ಮೇಲೆ ನಿಂತಾಗ ಭೂಗೋಳದ ಪಾಠ ಕಾಲಿಗೆ ಅರ್ಥವಾಯಿತು. ಕೊಟ್ಟಿಗೆಹಾರದ ನೀರುದೋಸೆ ಎಷ್ಟು ತಿಂದೆ ಎಂದು ಬರೆಯುವುದಿಲ್ಲ, ಅಮ್ಮ ಇಲ್ಲಿ ಓದುತ್ತಾರೆ.

ನಾನು ಕೇಳುತ್ತಿರುವುದು ಸಣ್ಣದು. ಕೊಟ್ಟಿಗೆಹಾರದಿಂದ ಇಳಿಜಾರು ಶುರುವಾಗುವಲ್ಲಿ ಒಂದು ದೊಡ್ಡ ಕನ್ನಡ ಫಲಕ ಬೇಕು: ‘ಏರುವವರಿಗೆ ದಾರಿ ಬಿಡಿ’. ಆಗುಂಬೆ, ಹುಲಿಕಲ್, ಶಿರಾಡಿ ಘಾಟಿಗಳಲ್ಲೂ ಬೇಕು. ಡ್ರೈವಿಂಗ್ ಶಾಲೆಯವರು ಈ ನಿಯಮವನ್ನು ಪಾಠದಲ್ಲಿ ಹೇಳಲಿ, ಲೈಸೆನ್ಸ್ ಪರೀಕ್ಷೆಯಲ್ಲಿ ಕೇಳಲಿ. ಈ ವಾರಾಂತ್ಯ ಇಳಿಯುವ ನೀವು ಸಣ್ಣ ಗೇರಿನಲ್ಲಿ ಇಳಿಯಿರಿ, ತಿರುವಿಗೆ ಮುಂಚೆಯೇ ಹಾರ್ನ್ ಮಾಡಿ, ನಿಮ್ಮ ಬದಿಯಲ್ಲೇ ಇರಿ. ಎದುರಿಗೆ ಸೈಕಲ್ ಕಂಡರೆ ಅರ್ಧ ನಿಮಿಷ ನಿಲ್ಲಿಸಿ.