ಆ ಒಂದು ಸಾಲನ್ನು ಬಾಯಿಪಾಠ ಮಾಡಿಸಬೇಡಿ

ನಿನ್ನೆ ಸಂಜೆಯ ಸಿಟ್ಟು ಇನ್ನೂ ಇಳಿದಿಲ್ಲ. ಅಕ್ಕನ ಮಗಳು ಬಿಸಿಎ ಮೊದಲ ವರ್ಷ. ಲ್ಯಾಬ್‌ನಲ್ಲಿ ಕೊಟ್ಟ ಪೈಥಾನ್ ಪ್ರೋಗ್ರಾಂ ಹಿಡಿದು ಬಂದಿದ್ದಳು. ಅಂಕಗಳನ್ನೆಲ್ಲ ಒಂದೇ ಸಾಲಿನಲ್ಲಿ ಟೈಪ್ ಮಾಡಬೇಕು, ಅತಿ ಹೆಚ್ಚು ಯಾವುದೆಂದು ಪ್ರೋಗ್ರಾಂ ಹೇಳಬೇಕು. 35 100 9 ಎಂದು ಜಾಗ ಬಿಟ್ಟು ಬಿಟ್ಟು ಕೊಟ್ಟಳು. ಉತ್ತರ ಬಂದದ್ದು 9.

"ಎರರ್ ಏನೂ ಬರ್ತಿಲ್ಲ ಮಾಮ, ಆದ್ರೆ ನೂರಕ್ಕಿಂತ ಒಂಬತ್ತೇ ದೊಡ್ಡದು ಅಂತಿದೆ!"

ನೋಟ್ಸ್ ತೆಗೆಸಿ ನೋಡಿದೆ. ಇನ್‌ಪುಟ್, ಸ್ಪ್ಲಿಟ್, ಇಂಟ್, ಮ್ಯಾಪ್, ಲಿಸ್ಟ್ ಎಂಬ ಐದು ಪೈಥಾನ್ ಆದೇಶಗಳನ್ನೂ ಒಂದರೊಳಗೊಂದು ತುರುಕಿದ ಒಂದು ಸಾಲು. ಸುತ್ತ ಡಬ್ಬಿ ಎಳೆದು "ಬಾಯಿಪಾಠ ಮಾಡಿ" ಎಂದು ಬರೆಸಿದ್ದಾರೆ. ಯಾವುದು ಏನು ಮಾಡುತ್ತದೆ ಎಂಬ ಬಗ್ಗೆ ಒಂದಕ್ಷರವೂ ಇಲ್ಲ. ಇವಳು ಬರೆಯುವಾಗ ಮ್ಯಾಪ್, ಇಂಟ್ ಎರಡೂ ಬಿಟ್ಟುಹೋಗಿವೆ. ಅರ್ಥವಾಗದ್ದನ್ನು ನೆನಪಿಟ್ಟುಕೊಳ್ಳುವುದಾದರೂ ಹೇಗೆ?

ಹೇಳಬೇಕಾದ ಮೊದಲ ಮಾತು ಇಷ್ಟೇ: ಕೀಲಿಮಣೆಯಲ್ಲಿ ಏನೇ ಒತ್ತಿದರೂ ಪೈಥಾನ್‌ಗೆ ಸಿಗುವುದು ಅಕ್ಷರಗಳ ಸಾಲು, ಸಂಖ್ಯೆಯಲ್ಲ. ಸ್ಪ್ಲಿಟ್ ಅದನ್ನು ಜಾಗ ಇದ್ದಲ್ಲಿ ತುಂಡು ಮಾಡುತ್ತದೆ, ಆದರೆ ತುಂಡುಗಳೂ ಅಕ್ಷರಗಳೇ. ಅಕ್ಷರಗಳನ್ನು ಹೋಲಿಸುವುದು ನಿಘಂಟಿನ ಕ್ರಮದಲ್ಲಿ, ಮೊದಲಕ್ಷರದಿಂದ. 1ಕ್ಕಿಂತ 9 ಮುಂದಿನದು, ಹಾಗಾಗಿ 100 ಸೋತಿತು. ಪ್ರತಿ ತುಂಡನ್ನೂ ಇಂಟ್‌ಗೆ ಕೊಟ್ಟಾಗಲೇ ಅದು ಸಂಖ್ಯೆ; ಹಾಗೆ ಒಂದೊಂದನ್ನೂ ಕೊಡುವ ಕೆಲಸ ಮ್ಯಾಪ್‌ನದು. ಮೂರು ಸಾಲಾಗಿ ಬಿಡಿಸಿ, ಪ್ರತಿ ಸಾಲಿನ ನಂತರ ಪ್ರಿಂಟ್ ಹಾಕಿಸಿದೆ. ಪರದೆಯ ಮೇಲೆ, ಅಕ್ಷರಗಳೆಂದು ತೋರಿಸಲು ತುಂಡುಗಳ ಸುತ್ತ ಇದ್ದ ಉದ್ಧರಣ ಚಿಹ್ನೆಗಳು ಮಾಯವಾದದ್ದನ್ನು ಅವಳೇ ಕಂಡು "ಓ, ಇಲ್ಲೇ ಬದಲಾಗೋದು!" ಅಂದಳು.

ಆಮೇಲೆ ಅವಳನ್ನು ತಡೆಯಲಾಗಲಿಲ್ಲ. ಅಲ್ಪವಿರಾಮ ಹಾಕಿ ಕೊಟ್ಟರೆ, ಕೊನೆಯಲ್ಲೊಂದು ಹೆಚ್ಚಿಗೆ ಉಳಿದರೆ? ಅಲ್ಪವಿರಾಮದಲ್ಲಿ ತುಂಡು ಮಾಡಿಸಿದಾಗ ವ್ಯಾಲ್ಯೂ ಎರರ್ ಬಂತು. ಆ ಸಂದೇಶದ ತುದಿಯಲ್ಲಿ ಎರಡು ಉದ್ಧರಣ ಚಿಹ್ನೆ, ನಡುವೆ ಏನೂ ಇಲ್ಲ. ಖಾಲಿ ತುಂಡನ್ನು ಸಂಖ್ಯೆ ಮಾಡಲಾಗದು ಎಂದು ಅದೇ ಹೇಳುತ್ತಿದೆ. ಕನ್ನಡ ಅಂಕಿಯಲ್ಲಿ ೩೫ ೧೦೦ ೯ ಎಂದು ಕೊಟ್ಟರೆ? ಇಂಟ್ ಅದನ್ನೂ ಒಪ್ಪಿ 35, 100, 9 ಮಾಡಿಕೊಟ್ಟಿತು! ಯೂನಿಕೋಡ್‌ನಲ್ಲಿರುವ ಬೇರೆ ಲಿಪಿಗಳ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳೂ ಅದಕ್ಕೆ ಗೊತ್ತು. ಇದನ್ನು ಕನ್ನಡದ ಮಕ್ಕಳಿಗೆ ತರಗತಿಯಲ್ಲಿ ಯಾಕೆ ತೋರಿಸಬಾರದು?

"ಸಿಲಬಸ್ ಮುಗಿಸಬೇಕಲ್ಲ, ಪರೀಕ್ಷೆಗೆ ಆ ಸಾಲು ಸಾಕು" ಎನ್ನುವ ಮೇಷ್ಟ್ರುಗಳು ನನ್ನ ಸ್ನೇಹಿತರಲ್ಲೇ ಇದ್ದಾರೆ. ಅವರ ಒತ್ತಡ ನನಗೆ ಗೊತ್ತು. ಆದರೂ ಒಪ್ಪಲಾರೆ. ಮೂರು ಸಾಲು ಬಿಡಿಸಿ ಹೇಳಲು ಹತ್ತು ನಿಮಿಷ ಸಾಕು. ಅರ್ಥವಾದ ಮೇಲೆ ಒಂದೇ ಸಾಲಿಗೆ ಮಡಚುವುದನ್ನು ಮಕ್ಕಳು ತಾವೇ ಮಾಡುತ್ತಾರೆ.

ಇನ್ನೊಂದು ಪುಟ ನೋಡಿ ನಿಜಕ್ಕೂ ಕಳವಳವಾಯಿತು. ಅಲ್ಲಿ ಇಂಟ್ ಬದಲು ಇವ್ಯಾಲ್, ಅಂದರೆ ಕೊಟ್ಟ ಅಕ್ಷರಗಳನ್ನು ಪೈಥಾನ್ ಆದೇಶವೆಂದೇ ನಡೆಸುವಂಥದ್ದು. ಅಲ್ಪವಿರಾಮ ಹಾಕಿ ಕೊಟ್ಟದ್ದೆಲ್ಲ ತಾನೇ ಸಂಖ್ಯೆಗಳಾಗುತ್ತವೆ, ಸುಲಭ ಎಂಬ ಕಾರಣಕ್ಕೆ. ಹಳೆಯ ಪೈಥಾನ್ 2ರಲ್ಲಿ ಇನ್‌ಪುಟ್ ಮಾಡುತ್ತಿದ್ದದ್ದೇ ಇದನ್ನು. ಟೈಪ್ ಮಾಡಿದ್ದನ್ನು ಪ್ರೋಗ್ರಾಂನ ಭಾಗವೆಂದೇ ನಡೆಸುವುದು ಅಪಾಯ ಎಂಬುದು ಆಗಲೇ ತಿಳಿದಿತ್ತು. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3 ಅದನ್ನು ಕೈಬಿಟ್ಟಿತು. ನಾವು ಅದನ್ನೇ ಮತ್ತೆ ಮಕ್ಕಳ ಕೈಗೆ ಕೊಡುತ್ತಿದ್ದೇವೆ. ಇವ್ಯಾಲ್ ಇರುವ ಕಡೆ ಸಂಖ್ಯೆಯ ಬದಲು ಫೈಲ್ ಅಳಿಸುವ ಆದೇಶ ಟೈಪ್ ಮಾಡಿದರೆ ಅದೂ ನಡೆಯುತ್ತದೆ!

ನಿಮ್ಮ ಮನೆಯ ಮಕ್ಕಳ ನೋಟ್ಸ್‌ನಲ್ಲಿ ಇನ್‌ಪುಟ್ ಪಕ್ಕ ಇವ್ಯಾಲ್ ಕಂಡರೆ ಹೊಡೆದುಹಾಕಿಸಿ, ಇಂಟ್ ಬರೆಸಿ; ಹಲವು ಸಂಖ್ಯೆಗಳಿದ್ದರೆ ಮೊದಲು ಸ್ಪ್ಲಿಟ್, ಆಮೇಲೆ ಪ್ರತಿ ತುಂಡಿಗೂ ಇಂಟ್. ದಶಮಾಂಶ ಬೇಕಿದ್ದರೆ ಫ್ಲೋಟ್ ಇದೆ.