ಖೇಲೋ ಇಂಡಿಯಾ ಹಣ: ಪೂರ್ತಿ ಕೈಗೆ ಬರುವುದಿಲ್ಲ
ಖೇಲೋ ಇಂಡಿಯಾ ಎಂದರೆ ಎಳೆಯ ಕ್ರೀಡಾಪಟುಗಳನ್ನು ಬೆಳೆಸುವ ಕೇಂದ್ರದ ಯೋಜನೆ. ‘ಖೇಲೋ ಇಂಡಿಯಾಕ್ಕೆ ಆಯ್ಕೆಯಾದ ಮಕ್ಕಳ ಖಾತೆಗೆ ವರ್ಷಕ್ಕೆ 6.28 ಲಕ್ಷ ರೂಪಾಯಿ ಬೀಳುತ್ತದೆ’ ಎಂಬ ಮೆಸೇಜು ತುಮಕೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಮೊತ್ತ ಸರಿ, ಲೆಕ್ಕ ತಪ್ಪು.

ಕೈಗೆ ಸಿಗುವುದು ತಿಂಗಳಿಗೆ 10,000, ಅಂದರೆ ವರ್ಷಕ್ಕೆ 1.20 ಲಕ್ಷ. ಉಳಿದದ್ದು ತರಬೇತಿ, ಊಟ, ವಸತಿ, ಸಲಕರಣೆ, ಸ್ಪರ್ಧೆಗಳ ಖರ್ಚಿಗೆ. ಹೈಸ್ಕೂಲ್ ಹುಡುಗಿಗೆ ಒಳ್ಳೆ ಕೋಚ್, ಹೊಟ್ಟೆ ತುಂಬ ಊಟ ಸಿಗುವುದೇನು ಸಣ್ಣ ಮಾತಲ್ಲ, ಅಲ್ವಾ? ಆದರೆ ಸಾಲ ತೀರಿಸುವ ದುಡ್ಡಲ್ಲ ಅದು. ಪಟ್ಟಿಯಲ್ಲಿ ಹೆಸರು ಬಂದರೆ ಸಾಲದು, ಆಟ ಕುಸಿದರೆ ತೆಗೆಯುತ್ತಾರೆ.

ಇನ್ನೊಂದು ಗೊಂದಲ, ಇದು ಯಾರ ಕೈಯಲ್ಲಿದೆ ಎಂಬುದು: ಈ ಯೋಜನೆಯನ್ನು ನೋಡಿಕೊಳ್ಳುವುದು 1984ರಲ್ಲಿ ಶುರುವಾದ ಕೇಂದ್ರದ ಭಾರತೀಯ ಕ್ರೀಡಾ ಪ್ರಾಧಿಕಾರ. ನಮ್ಮ ಜಿಲ್ಲಾ ಕ್ರೀಡಾ ಇಲಾಖೆ ರಾಜ್ಯದ್ದು. ಅಲ್ಲಿ ಹೋಗಿ ‘ದುಡ್ಡೆಲ್ಲಿ’ ಎಂದು ಸುಮ್ನೆ ಜಗಳವಾಡಬೇಡಿ.