ಕಲಿಯುವವರ ಕೈಗೆ ಅಗ್ಗದ ಬೈಕ್ ಕಿಟ್ ಕೊಡಬೇಡಿ

ಪೆಟ್ಟಿಗೆಯಲ್ಲಿ ಬರುವ ಬಿಡಿಭಾಗ (ಕಿಟ್) ಜೋಡಿಸಿ ಪ್ಲಾಸ್ಟಿಕ್ ಬೈಕ್ ಮಾಡೆಲ್ ಕಟ್ಟುವವರ ನಡುವೆ ಒಂದು ಬುದ್ಧಿಮಾತು ಓಡಾಡುತ್ತಿರುತ್ತದೆ. "ಮೊದಲು ಕಡಿಮೆ ರೇಟಿನದ್ದು ತಗೊಳ್ಳಿ, ಕೈ ಪಳಗಲಿ, ಆಮೇಲೆ ಒಳ್ಳೆಯದಕ್ಕೆ ಹೋಗಿ." ಕೇಳಲಿಕ್ಕೆ ಸರಿ ಅನ್ನಿಸುತ್ತದೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ. ಅಗ್ಗದ ಕಿಟ್ ಕಟ್ಟಬೇಕಾದರೇ ಪಳಗಿದ ಕೈ ಬೇಕು. ಹೊಸಬರಿಗೆ ಬೇಕಾದದ್ದು ಒಳ್ಳೆಯ ಕಿಟ್.

ಈಗ ಯಾಕೆ ಈ ಮಾತು ಅಂದರೆ, ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಕಳೆದ ಮಳೆಗಾಲದಲ್ಲಿ ಆನ್‌ಲೈನ್‌ನಲ್ಲಿ ಒಂದು ಕಿಟ್ ತರಿಸಿದ. ಪೆಟ್ಟಿಗೆ ಮೇಲಿನ ಚಿತ್ರ ಎಷ್ಟು ಚೆಂದ ಅಂದರೆ ಅದನ್ನೇ ಫ್ರೇಮ್ ಹಾಕಿಸಬಹುದು. ಎರಡು ವಾರ ಕೂತ. ಇಂಜಿನ್‌ನ ಎರಡು ಹೋಳು ಒಂದಕ್ಕೊಂದು ಕೂರಲಿಲ್ಲ, ನಡುವೆ ಉಗುರು ತೂರುವಷ್ಟು ಸಂದಿ. ಮುಂದಿನ ಚಕ್ರ ಹಾಕಿದರೆ ಒಂದು ಬದಿಗೆ ವಾಲುತ್ತಿತ್ತು. ಕೊನೆಗೆ ನನ್ನ ಹತ್ತಿರ ತಂದು, "ಮಾವ, ಇದೆಲ್ಲ ನನ್ನ ಕೈಯಲ್ಲಿ ಆಗುವುದಿಲ್ಲ" ಅಂದ.

ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಎರಡು ಕಾಲುಗಳನ್ನು ಬಿಡಿಸಿ ಸ್ಟೀಲ್ ಸ್ಕೇಲ್ ಪಕ್ಕ ಇಟ್ಟು ತೋರಿಸಿದೆ. ಒಂದು ಕಾಲು ಇನ್ನೊಂದಕ್ಕಿಂತ ಒಂದು ಮಿಲಿಮೀಟರಿಗೂ ಜಾಸ್ತಿ ಗಿಡ್ಡ. ಅಚ್ಚಿನಿಂದಲೇ ಹಾಗೆ ಬಂದದ್ದು. 1:12 ಅಳತೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನಿಜವಾದ ಬೈಕಿನಲ್ಲಿ ಹನ್ನೆರಡು ಮಿಲಿಮೀಟರ್. ಅಂಥ ಬೈಕ್ ಶೋರೂಮಿನಿಂದ ಬಂದರೆ ನಾವು ಸುಮ್ನೆ ಬಿಡುತ್ತೇವಾ? ಆದರೆ ಮಾಡೆಲ್ ವಿಷಯದಲ್ಲಿ ಹುಡುಗರು ತಮ್ಮ ಕೈಯನ್ನೇ ಬೈದುಕೊಂಡು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಕಾರಿನ ಮಾಡೆಲ್ ಆದರೆ ಹೇಗೋ ಸುಧಾರಿಸಬಹುದು. ಮೇಲೆ ಬಾಡಿ ಮುಚ್ಚಿದರೆ ಒಳಗಿನ ಅರ್ಧ ತಪ್ಪು ಕಾಣುವುದೇ ಇಲ್ಲ. ಬೈಕಿನಲ್ಲಿ ಮುಚ್ಚಲಿಕ್ಕೆ ಏನಿದೆ? ಇಂಜಿನ್, ಫ್ರೇಮ್, ಸೈಲೆನ್ಸರ್, ಚೈನ್, ಕೇಬಲ್ಲು ಎಲ್ಲ ಹೊರಗೇ. ಮೇಲಾಗಿ ಒಂದರ ಮೇಲೆ ಒಂದು ನಿಂತಿರುತ್ತದೆ. ಫ್ರೇಮಿಗೆ ಇಂಜಿನ್, ಇಂಜಿನ್ ಹಿಂದೆ ಸ್ವಿಂಗ್ ಆರ್ಮ್, ಅದಕ್ಕೆ ಚಕ್ರ. ಫ್ರೇಮಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಚಕ್ರದ ಹತ್ತಿರ ಬರುವಾಗ ಅದು ಎದ್ದು ಕಾಣುತ್ತದೆ. ಹಾಗಾಗಿ ಬೈಕ್ ಕಿಟ್‌ನಲ್ಲಿ ಬಿಡಿಭಾಗ ಎಷ್ಟಿದೆ, ಪೆಟ್ಟಿಗೆ ಎಷ್ಟು ದೊಡ್ಡದು ಅನ್ನುವುದು ನನಗೆ ಲೆಕ್ಕವೇ ಅಲ್ಲ. ಒಂದಕ್ಕೊಂದು ಸರಿಯಾಗಿ ಕೂರುತ್ತದಾ ಇಲ್ಲವಾ, ಅಷ್ಟೇ.

ಪೆಟ್ರೋಲ್ ಟ್ಯಾಂಕ್ ಒಂದನ್ನೇ ತಗೊಳ್ಳಿ. ಬೈಕನ್ನು ನೋಡುವವರ ಕಣ್ಣು ಮೊದಲು ಬೀಳುವುದು ಅಲ್ಲಿಗೆ. ತುಂಬಾ ಕಿಟ್‌ಗಳಲ್ಲಿ ಟ್ಯಾಂಕ್ ಎಡ-ಬಲ ಎರಡು ಹೋಳಾಗಿ ಬರುತ್ತದೆ. ಬೆಸುಗೆಯ ಗೆರೆ ನೆತ್ತಿಯ ನಡುವೆ. ಮಾಡೆಲ್ ಗಮ್ ನಿಜವಾಗಿ ಅಂಟಿಸುವುದಿಲ್ಲ. ಅದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಕರಗಿದ ಎರಡು ಅಂಚು ಸೇರಿ ಒಂದಾಗುತ್ತವೆ. ಅಂಚುಗಳು ಸರಿಯಾಗಿ ಕೂತಿದ್ದರೆ ಸ್ವಲ್ಪ ಒತ್ತಿ ಹಿಡಿದರೆ ಸಾಕು, ಕರಗಿದ್ದು ತೆಳುವಾಗಿ ಮೇಲೆ ಉಕ್ಕುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಉಜ್ಜಿದರೆ ಗೆರೆ ಮಾಯ. ಸಂದಿ ಇದ್ದರೆ ಕರಗಿ ಸೇರಲಿಕ್ಕೆ ಅಲ್ಲಿ ಪ್ಲಾಸ್ಟಿಕ್ಕೇ ಇಲ್ಲವಲ್ಲ! ಆಗ ಪುಟ್ಟಿ ತುಂಬಬೇಕು. 400ರ ಸ್ಯಾಂಡ್‌ಪೇಪರ್, ಆಮೇಲೆ ಅದಕ್ಕಿಂತ ನಯವಾದ 600, ಆಮೇಲೆ ಇನ್ನೂ ನಯವಾದ 1000. ಪ್ರೈಮರ್ ಹೊಡೆದು ಬೆಳಕಿಗೆ ಹಿಡಿದರೆ ಗೆರೆ ಮತ್ತೆ ಕಾಣುತ್ತದೆ. ಮತ್ತೆ ಪುಟ್ಟಿ, ಮತ್ತೆ ಉಜ್ಜುವುದು. ನನಗೆ ಈ ಕೆಲಸ ಇಷ್ಟ, ಗಂಟೆಗಟ್ಟಲೆ ಮಾಡುತ್ತೇನೆ. ಆದರೆ ಮೊದಲ ಕಿಟ್ ಹಿಡಿದಿರುವ ಹುಡುಗನಿಗೆ ಇದು ಶಿಕ್ಷೆ.

ಹಳೆಯ ಅಚ್ಚು ಅಂದರೆ ಕೆಟ್ಟದ್ದು ಅಂತ ತಿಳಿಯಬೇಡಿ. ಜಪಾನಿನ ಶಿಜುವೋಕಾ ಈ ಹವ್ಯಾಸದವರಿಗೆ ದೊಡ್ಡ ಊರು. ತಮಿಯಾ, ಹಸೆಗಾವಾ, ಆವೋಶಿಮಾ, ಫುಜಿಮಿ ಈ ಕಿಟ್ ಕಂಪನಿಗಳೆಲ್ಲ ಆ ಕಡೆಯವೇ. ತಮಿಯಾದ 1:12ರ ಸುಜುಕಿ ಕಟಾನಾ 1980ರ ದಶಕದ ಅಚ್ಚು. ಇವತ್ತಿಗೂ ಅದರ ಫ್ರೇಮಿಗೆ ಇಂಜಿನ್ ಇಟ್ಟರೆ ಜಾಗ ಹುಡುಕಿಕೊಂಡು ಹೋಗಿ ಕೂರುತ್ತದೆ. ಅದೇ ಕಂಪನಿಯ ಡುಕಾಟಿ 1199 ಪಾನಿಗಾಲೆ ಹೊಸ ಕಾಲದ್ದು, ಇನ್ನೂ ಸೂಕ್ಷ್ಮ. ಕೇಬಲ್ಲಿಗೆ ಯಾವ ಟ್ಯೂಬನ್ನು ಎಷ್ಟು ಉದ್ದ ಕತ್ತರಿಸಬೇಕು ಅಂತ ಮಿಲಿಮೀಟರಿನಲ್ಲಿ ಬರೆದು ಕೊಟ್ಟಿರುತ್ತಾರೆ. ಹಾಗೆ ಕತ್ತರಿಸಿ ಹಾಕಿದರೆ ಹ್ಯಾಂಡಲ್‌ನಿಂದ ಇಳಿಯುವ ಬಾಗು ಅಸಲಿ ಬೈಕಿನದ್ದೇ. ಅಚ್ಚು ತೆಗೆಯುವ ಮುಂಚೆ ಒಬ್ಬರು ಕೂತು ಕಟ್ಟಿ ನೋಡಿದ್ದಾರೆ ಅಂತ ಗೊತ್ತಾಗುತ್ತದೆ. ಹಸೆಗಾವಾದ ಬೈಕ್‌ಗಳಲ್ಲೂ ಈ ಕಾಳಜಿ ಉಂಟು, ಆದರೆ ಬಿಡಿಭಾಗ ತೀರಾ ಸಣ್ಣವು. ಅದು ಎರಡನೇ ಮೂರನೇ ಕಿಟ್ ಆದರೆ ಒಳ್ಳೆಯದು.

ಒರಟು ಕಿಟ್‌ಗಳನ್ನು ನಾನು ದೂರುತ್ತಿದ್ದೇನೆ ಅಂತ ಅಂದುಕೊಂಡರೆ ಅದೂ ಸರಿಯಲ್ಲ. ಇಟಲಿಯ ಪ್ರೊಟಾರ್ ಕಿಟ್‌ಗಳ ಬಗ್ಗೆ ನನಗೆ ವಿಶೇಷ ಪ್ರೀತಿ. ಅದನ್ನು ಶುರು ಮಾಡಿದ್ದು ಟಾರ್ಕ್ವಿನಿಯೊ ಪ್ರೊವಿನಿ. 1957ರಲ್ಲಿ 125 ಸಿಸಿ, 1958ರಲ್ಲಿ 250 ಸಿಸಿ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದ ರೇಸರ್. 1966ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ದೊಡ್ಡ ಅಪಘಾತವಾಗಿ ರೇಸಿಂಗ್ ನಿಂತಿತು. ಅವರ ಹೆಸರಿನ ಮೊದಲ ಅಕ್ಷರಗಳೇ ಪ್ರೊಟಾರ್. 1:9 ಅಳತೆಯಲ್ಲಿ ಹಳೆಯ ರೇಸ್ ಬೈಕ್‌ಗಳು. ಆಮೇಲೆ ಆ ಅಚ್ಚುಗಳು ಇಟಲೇರಿ ಕಂಪನಿಗೆ ಹೋದವು, ಈಗಲೂ ಆಗಾಗ ಹೊಸ ಪೆಟ್ಟಿಗೆಯಲ್ಲಿ ಬರುತ್ತವೆ. ಕೆಲವು ಕಿಟ್‌ಗಳಲ್ಲಿ ಚಕ್ರದ ಕಡ್ಡಿಗಳನ್ನು ತಂತಿಯಿಂದ ನಾವೇ ಹೆಣೆಯಬೇಕು. ಅಂಚುಗಳಲ್ಲಿ ಫ್ಲ್ಯಾಶ್, ಅಂದರೆ ಅಚ್ಚಿನ ಸಂದಿಯಿಂದ ಹೊರಬಂದ ತೆಳು ಪ್ಲಾಸ್ಟಿಕ್ ಇರುತ್ತದೆ, ಸೂಚನೆಯ ಹಾಳೆಯೂ ಅಷ್ಟಕ್ಕಷ್ಟೇ. ಆದರೆ ಗಾಡಿ ಓಡಿಸಿ ಬಿದ್ದು ಎದ್ದವರು ಆರಿಸಿದ ಬೈಕ್‌ಗಳು ಅವು. ಅವುಗಳ ಒರಟುತನ ಸಹಿಸಿಕೊಂಡು ಕಟ್ಟಲಿಕ್ಕೆ ಒಂದು ಕಾರಣ ಉಂಟು. ಪೆಟ್ಟಿಗೆ ಚಿತ್ರಕ್ಕೆ ಮಾತ್ರ ದುಡ್ಡು ಹಾಕಿ, ಒಳಗೆ ಏನೋ ಒಂದು ತುಂಬಿಸಿ ಕಳಿಸುವ ಕಿಟ್‌ಗಳಿಗೆ ಅಂಥ ಕಾರಣ ಯಾವುದೂ ಇಲ್ಲ.

ನಮ್ಮ ಕರಾವಳಿಯವರಿಗೆ ಇನ್ನೊಂದು ತಾಪತ್ರಯ, ಬಣ್ಣ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಆಗ ಲ್ಯಾಕರ್ ಬಣ್ಣ ಹೊಡೆದರೆ ಮೇಲೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿಗೆ ಬಂದು ಕೂರುತ್ತದೆ. ಆರುವುದನ್ನು ನಿಧಾನ ಮಾಡುವ ರಿಟಾರ್ಡರ್ ಇರುವ ಥಿನ್ನರ್ ಬಳಸಿದರೆ ಸ್ವಲ್ಪ ಪರವಾಗಿಲ್ಲ. ಎಸಿ ರೂಮು ಇದ್ದವರು ಅಲ್ಲಿ ತೇವ ಇಳಿಸಿಕೊಂಡು ಹೊಡೆಯಬಹುದು, ಆದರೆ ಬಣ್ಣದ ಹೊಗೆ ಹೊರಹೋಗಲಿಕ್ಕೆ ದಾರಿ ಇರಲೇಬೇಕು. ನಾನಂತೂ ಮಳೆಗಾಲದಲ್ಲಿ ಕತ್ತರಿಸುವುದು, ಉಜ್ಜುವುದು, ಇಂಜಿನ್ ಜೋಡಿಸುವುದು ಇಷ್ಟೇ ಇಟ್ಟುಕೊಳ್ಳುತ್ತೇನೆ. ದೀಪಾವಳಿ ಕಳೆದ ಮೇಲೆ ಟ್ಯಾಂಕ್, ಮಡ್‌ಗಾರ್ಡ್‌ಗಳಿಗೆ ಬಣ್ಣ.

ಹೊಸಬರಿಗೆ ಇದಕ್ಕೂ ಒಂದು ದಾರಿ ಉಂಟು. ಚೀನಾದ ಮೆಂಗ್ ಕಂಪನಿಯವರು 1:9ರಲ್ಲಿ ಕೆಲವು ಬೈಕ್‌ಗಳನ್ನು ಬಣ್ಣದ ಪ್ಲಾಸ್ಟಿಕ್ಕಿನಲ್ಲೇ ಅಚ್ಚು ಹಾಕಿ ಕೊಡುತ್ತಾರೆ. ಚೀನಾದ್ದು ಅಂದ ಕೂಡಲೇ ಮೂಗು ಮುರಿಯುವವರು ಅದನ್ನೊಮ್ಮೆ ಕಟ್ಟಿ ನೋಡಬೇಕು. ಜೋಡಣೆ ಬಹಳ ಚೆನ್ನಾಗಿದೆ. ಬಣ್ಣ ಸಿಂಪಡಿಸುವ ಏರ್‌ಬ್ರಷ್, ಕಂಪ್ರೆಸರ್ ಏನೂ ಬೇಡ, ಆಟಿ ತಿಂಗಳ ಮಳೆಯಲ್ಲೂ ಕಟ್ಟಿ ಮುಗಿಸಬಹುದು.

ರೇಟಿನ ಮಾತಿಗೆ ಬರೋಣ, ಯಾಕೆಂದರೆ "ಒಳ್ಳೆಯದು ತಗೊಳ್ಳಿ ಅನ್ನುವುದು ಸುಲಭ, ದುಡ್ಡು ಯಾರು ಕೊಡುತ್ತಾರೆ" ಅಂತ ಕೇಳುತ್ತೀರಿ. ಅದು ನ್ಯಾಯದ ಪ್ರಶ್ನೆಯೇ. ಈ ಕಿಟ್‌ಗಳು ಹೊರದೇಶದಿಂದ ಬರುವುದರಿಂದ ಸುಂಕವೂ ರೇಟಿಗೆ ಸೇರುತ್ತದೆ. ಕಸ್ಟಮ್ಸ್ ಪಟ್ಟಿಯಲ್ಲಿ ಸ್ಕೇಲ್ ಮಾಡೆಲ್‌ಗಳೂ ಆಟಿಕೆಗಳ ಜೊತೆ 9503 ಅನ್ನುವ ಸಂಖ್ಯೆಯ ಅಡಿಯಲ್ಲೇ ಬರುತ್ತವೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು. ಇಲ್ಲಿಯ ಆಟಿಕೆ ಮಾಡುವವರಿಗೆ ಬಲ ಕೊಡಲು ಮಾಡಿದ್ದು, ಅದು ಬೇಕು ಕೂಡ. ಆದರೆ ಕಟಾನಾದ ಕಿಟ್ಟಿಗೂ ಚನ್ನಪಟ್ಟಣದ ಗೊಂಬೆಗೂ ಪೈಪೋಟಿ ಎಲ್ಲಿದೆ? ಕೈಯಲ್ಲಿ ಕಟ್ಟಿ ಕಲಿಯುವ ಕಿಟ್‌ಗಳಿಗೆ ಬೇರೆ ಲೆಕ್ಕ ಇರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಅಲ್ಲಿಯವರೆಗೆ ನನ್ನ ಸಲಹೆ ಇಷ್ಟು. ಮೂರು ಅಗ್ಗದ ಕಿಟ್‌ನ ದುಡ್ಡು ಕೂಡಿಸಿ ಒಂದು ಒಳ್ಳೆಯದು ತಗೊಳ್ಳಿ. ಮೈದಾನದಂಥ ಚಪ್ಪಟೆ ಫೇರಿಂಗ್ (ಹೊರಕವಚ) ಇರುವ ರೇಸ್ ಬೈಕಿಗಿಂತ, ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರ) ಕಡಿಮೆ ಇರುವ ರಸ್ತೆ ಬೈಕ್ ಮೊದಲಿಗೆ ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಪೆಟ್ಟಿಗೆ ತೆರೆದು ಟೈರ್ ಎಲ್ಲಿ ಇಟ್ಟಿದ್ದಾರೆ ನೋಡಿ. ಹಳೆಯ ವಿನೈಲ್ ಟೈರ್ ಪ್ಲಾಸ್ಟಿಕ್ಕಿಗೆ ತಾಗಿಕೊಂಡೇ ವರ್ಷಗಟ್ಟಲೆ ಇದ್ದರೆ ಅದನ್ನು ಕರಗಿಸಿ ತಿಂದಿರುತ್ತದೆ. ಡೆಕಾಲ್ ಹಳದಿಯಾಗಿದೆಯಾ ಅಂತಲೂ ನೋಡಿ. ಕ್ರೋಮ್ ಮಾಡಿದ ಭಾಗಗಳನ್ನು ಜೋಡಿಸುವಾಗ ಅಂಟುವ ಜಾಗದ ಕ್ರೋಮ್ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಗಮ್ ಹಿಡಿಯುವುದಿಲ್ಲ.

ನನಗೆ ಒಂದು ಆಸೆಯೂ ಉಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ, 1985ರಿಂದ 1996ರವರೆಗೆ ಇಲ್ಲಿ ತಯಾರಾದ ಆರ್‌ಎಕ್ಸ್ 100, ಇವುಗಳಿಗೆ ತಮಿಯಾ ಮಟ್ಟದ ಒಂದು ಕಿಟ್ ಬರಬೇಕು. ಯೆಜ್ಡಿಯ ಆ ಎರಡು ಸೈಲೆನ್ಸರ್, ಆರ್‌ಎಕ್ಸ್‌ನ ತೆಳು ಟ್ಯಾಂಕ್. ನಮ್ಮ ಅಪ್ಪಂದಿರು ಓಡಿಸಿದ ಗಾಡಿಗಳು, ಮಾರಾಯ್ರೆ. ಅಚ್ಚು ಮಾಡುವ ವಿದ್ಯೆ ನಮ್ಮ ದೇಶದಲ್ಲಿ ಇಲ್ಲ ಅಂತೇನೂ ಅಲ್ಲವಲ್ಲ.

ಅಕ್ಕನ ಮಗನಿಗೆ ನನ್ನ ಹತ್ತಿರ ಇದ್ದ ಕಟಾನಾ ಕೊಟ್ಟೆ. ಇಂಜಿನ್ ಮುಗಿಸಿದ್ದಾನೆ, ಈಗ ಫ್ರೇಮಿಗೆ ಬಣ್ಣ. ಉಡುಪಿ, ಮಣಿಪಾಲ, ಮಂಗಳೂರು ಕಡೆ ಯಾರಾದರೂ ಶುರು ಮಾಡಬೇಕು ಅಂತಿದ್ದರೆ ದುಡ್ಡು ಹಾಕುವ ಮುಂಚೆ ಮೆಸೇಜ್ ಮಾಡಿ. ಯಾವ ಕಿಟ್ ಅಂತ ಹೇಳಿದರೆ ಕಟ್ಟಿದ ಅನುಭವ ಇದ್ದರೆ ಹೇಳುತ್ತೇನೆ. ಬಿಡಿಭಾಗ ಕತ್ತರಿಸುವ ನಿಪ್ಪರ್, ಏರ್‌ಬ್ರಷ್ ಎಲ್ಲ ನನ್ನ ಹತ್ತಿರ ಉಂಟು, ಭಾನುವಾರ ಮಧ್ಯಾಹ್ನದ ಮೇಲೆ ಮನೆಯಲ್ಲೇ ಇರುತ್ತೇನೆ.